ಬಾಯಿಬೀಗ ಬಿದ್ದ ಮೇಲೆ ಪಂಪವ್ವ ಬರೆದದ್ದು

ಬಂಡೆಹಟ್ಟಿ, ತುಂಗಭದ್ರೆಯ ಎಡದಂಡೆ
ಫೆಬ್ರವರಿ 38, 2406

ನಮಗಿಂತ ಮೊದಲು ಬಾಳಿ, ಬಾಯಿ ತುಂಬ ವಾದ ಮಾಡಿ ಹೋದ ಹಿರಿಯರೆಲ್ಲರಿಗೂ ಬಂಡೆಹಟ್ಟಿಯ ಪಂಪವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಇದ್ದವಂತೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಎಲ್ಲ ದೇಶದವರೂ ಕೂತು ಯೋಚಿಸಿ, ಸುಡುಬಿಸಿಲಿನ ತಿಂಗಳುಗಳಿಂದ ಕೆಲವು ದಿನ ಕಿತ್ತು ಪಾಪದ ಫೆಬ್ರವರಿಗೆ ಕೊಟ್ಟರು. ಬಿಸಿಲೇನೂ ಕಡಿಮೆಯಾಗಲಿಲ್ಲ. ಏಪ್ರಿಲ್ಲಿನ ಸೆಕೆ ಈಗ ಫೆಬ್ರವರಿಯ ಹೆಸರಿನಲ್ಲಿ ಬರುತ್ತದೆ, ಅಷ್ಟೇ. ನನ್ನ ಮಾತಿನಲ್ಲಿ ಇಂಥ ಇನ್ನೂ ಕೆಲವು ವಿಚಿತ್ರಗಳು ನಿಮ್ಮ ಕಿವಿಗೆ ಬೀಳುತ್ತವೆ. ಅವಕ್ಕೆಲ್ಲ ಮೊದಲೇ ಕ್ಷಮೆ ಕೇಳಿಕೊಂಡುಬಿಡುತ್ತೇನೆ. ಹೊಸ ಶಬ್ದ ಬಂದಲ್ಲಿ ಅರ್ಥವನ್ನೂ ಪಕ್ಕದಲ್ಲೇ ಇಟ್ಟಿದ್ದೇನೆ.

ಈ ಕಾಗದ ನಿಮ್ಮನ್ನು ತಲುಪುವುದು ಹಿಂದಂಚೆಯಲ್ಲಿ. ಆಗಿಹೋದ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಿಂದಂಚೆ ಎನ್ನುತ್ತೇವೆ. ತಾಲೂಕಿಗೊಂದು ಕಿಟಕಿ ಇರುತ್ತದೆ. ಅಲ್ಲಿ ಕೂತ ಹೆಣ್ಣುಮಗಳು ಪ್ರತಿ ಕಾಗದವನ್ನೂ ಓದಿ, ಇದರಿಂದ ಹಿಂದಿನ ಕಾಲದಲ್ಲಿ ಒಂದು ಎಲೆಯೂ ಅಲುಗುವುದಿಲ್ಲ ಎಂದು ಖಾತ್ರಿಯಾದರೆ ಮಾತ್ರ ಮುದ್ರೆ ಒತ್ತುತ್ತಾಳೆ. ಯುದ್ಧ ನಿಲ್ಲಿಸಲು ಹೊರಟವರ ಕಾಗದಗಳೂ ವಾಪಸ್ಸು ಬರುತ್ತವೆ, ಮುತ್ತಜ್ಜನಿಗೆ ಲಾಟರಿ ನಂಬರು ಕಳಿಸಲು ಹೊರಟವರವೂ ಬರುತ್ತವೆ. ನಾನು ಮೊನ್ನೆ ಹೋಗಿ, ಕಾಗದ ಕಳಿಸಬೇಕೆಂದು ಹೇಳಿ ಸೆರಗಿನ ಬೀಗ ಮಾತ್ರ ತೋರಿಸಿದೆ. ಬೀಗದ ಕತೆ ಮುಂದೆ ಬರುತ್ತದೆ, ಆಕೆಗೆ ಅದು ಮೊದಲೇ ಗೊತ್ತಿತ್ತು. ಆಕೆ ನಕ್ಕು, “ಯಾರು ಗೆಲ್ತಾರ ಅನ್ನೋ ವಾದದಿಂದ ಇವತ್ತಿನತನಕ ಏನರ ಬದಲಾಗೈತೇನವ್ವಾ? ನೀ ಬರಿ, ನಾ ಮುದ್ರಿ ಒತ್ತತೀನಿ” ಅಂದಳು. ಅರವತ್ತು ವರ್ಷ ವಾದ ಮಾಡಿದವಳಿಗೆ ಅದು ಸ್ವಲ್ಪ ಚುಚ್ಚಿತು. ಆದರೆ ಕೆಲಸ ಆಯಿತಲ್ಲ ಎಂದು ಮನೆಗೆ ಬಂದೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ಪರಿಚಯ ನನಗೆ ಚೆನ್ನಾಗಿದೆ. ನಿಮ್ಮ ಕಾಲದ ಕಟ್ಟಡಗಳು ಹೋದವು, ರಸ್ತೆಗಳು ಹೋದವು, ನೀವು ಕಲ್ಲಿನಲ್ಲಿ ಕೆತ್ತಿಸಿದ ಉದ್ಘಾಟನೆಯ ಹೆಸರುಗಳೂ ಹೋದವು. ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡ ಜಗಳಗಳು ಮಾತ್ರ ಒಂದಕ್ಷರ ಅಳಿಯದೆ ಉಳಿದಿವೆ. ಅದರಲ್ಲಿ ನನಗೆ ಅಚ್ಚುಮೆಚ್ಚಿನದು ಯಾವುದೋ ಹಾಸ್ಟೆಲಿನ ಇಬ್ಬರು ಗೆಳೆಯರದು. ಗುಡ್ಡ ಕೀಳುವ ಬಲವಿರುವ ವೀರನೊಬ್ಬ, ಬಲವಿಲ್ಲದೆ ಬರೀ ಮುಂದಾಲೋಚನೆ ಇರುವ ವೀರನೊಬ್ಬ. ಇಬ್ಬರೂ ಎದುರಾದರೆ ಗೆಲ್ಲುವವರು ಯಾರು ಎಂಬುದು ವಿಷಯ. ಒಬ್ಬ ಬರೆಯುತ್ತಾನೆ, “ತಯಾರಿಗೆ ಒಂದು ವಾರ ಕೊಡು, ಯಾರನ್ನ ಬೇಕಾದ್ರೂ ಸೋಲಿಸ್ತಾನೆ.” ಇನ್ನೊಬ್ಬ ಹೇಳುತ್ತಾನೆ, “ವಾರ ಯಾಕೆ, ವರ್ಷ ಕೊಡು. ಒಂದು ಏಟು ಬಿದ್ರೆ ತಯಾರಿ ಎಲ್ಲಾ ಪುಡಿ.” ಹೀಗೇ ಬೆಳೆದು ಬೆಳೆದು, ಕಡೆಗೆ ಮೊದಲನೆಯವನು “ಊಟ ಮಾಡಿ ಬಂದು ಹೇಳ್ತೀನಿ, ಇರು” ಎಂದು ಹೋದವನು ಮತ್ತೆ ಬಂದೇ ಇಲ್ಲ. ಮುನ್ನೂರೆಂಬತ್ತು ವರ್ಷವಾಯಿತು, ಮಹಾರಾಯ. ಊಟ ಮುಗಿಯಿತೇ?

ನಿಮಗೆ ಅದು ಹೊತ್ತು ಕಳೆಯುವ ಹರಟೆ. ನಮ್ಮಲ್ಲಿ ಹಾಗಲ್ಲ, ಅಂಥವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಸಾವಿರ ಮಕ್ಕಳಲ್ಲಿ ಒಂದೋ ಎರಡೋ ಮಗು ಅಳತೆ ಮೀರಿದ ಬಲದೊಂದಿಗೆ ಹುಟ್ಟುತ್ತದೆ. ಅವರನ್ನು ಮೀರಿಗರು ಎಂದು ಕರೆಯುತ್ತೇವೆ. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಗಗನದಲ್ಲಿ ನಿಂತಿರುತ್ತಾರೆ ಎಂದು ಊಹಿಸಬೇಡಿ. ನಮ್ಮ ಊರಿನ ಮೀರಿಗ ಕಾಡಸಿದ್ದ ಉಡುವುದು ಲುಂಗಿ, ಬನಿಯನ್. ಹೊಲಿದ ಅಂಗಿ ಹಾಕಿದರೆ ಮೊದಲ ಸೀನಿಗೇ ಹರಿದುಹೋಗುತ್ತದೆ. ನಲವತ್ತು ದಾಟಿದ ಗಂಡಸು, ಆನೆ ಗಾತ್ರದ ಬಂಡೆಯನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ಮಣ್ಣಿನ ಲೋಟ ಪುಡಿಯಾಗುತ್ತದೆಂದು ಚಹಾವನ್ನು ಮಾತ್ರ ಕಬ್ಬಿಣದ ಲೋಟದಲ್ಲಿ ಕುಡಿಯುತ್ತಾನೆ. ಹೊಳೆ ದಾಟಿಸುವ ಹಾರುಗೋಲುಗಳು (ನಿಮ್ಮ ಹರಿಗೋಲಿಗೆ ನಾವು ಹಾರುವುದನ್ನು ಕಲಿಸಿದ್ದೇವೆ) ಗಾಳಿಯಲ್ಲಿ ಸುತ್ತಿ ಸುತ್ತಿ ದಿಕ್ಕುತಪ್ಪಿದಾಗ ನೆಗೆದು ಹಿಡಿದು ಇಳಿಸುವವನು ಅವನೇ. ಇಳಿದವರೆಲ್ಲ ತಲೆ ತಿರುಗಿ ಅವನ ಲುಂಗಿ ಹಿಡಿದುಕೊಂಡು ನಿಲ್ಲುತ್ತಾರೆ. ಅವನು ನಾಚಿಕೆಯಿಂದ ಆಕಾಶ ನೋಡುತ್ತಾನೆ.

ಮೀರಿಗರ ಬಲ ಮೈಯಲ್ಲೇ ಉಳಿಯಬಾರದು. ಉಳಿದರೆ ಅವರಿಗೂ ನಿದ್ದೆಯಿಲ್ಲ, ಅವರ ಗೊರಕೆಗೆ ಊರಿನ ಪಾತ್ರೆಗಳೆಲ್ಲ ಅಲುಗಾಡಿ ನಮಗೂ ನಿದ್ದೆಯಿಲ್ಲ. ಅದಕ್ಕೆಂದೇ ವರ್ಷಕ್ಕೊಮ್ಮೆ ಕಾಳಗ. ಯಾರು ಬೇಕಾದರೂ ಮೀರಿಗನಿಗೆ ಸವಾಲು ಹಾಕಬಹುದು. ಸವಾಲು ಹಾಕಿದವರು ದಿನವನ್ನು ಆರಿಸಬೇಕು, ಆ ದಿನ ಮಧ್ಯಾಹ್ನ ಸುಣ್ಣದ ಪುಡಿಯಲ್ಲಿ ಕಣದ ಗೆರೆ ಹಾಕಬೇಕು. ಮೀರಿಗ ಕಣದ ನಡುವೆ ನಿಲ್ಲಬೇಕು. ಹಲಗೆ ಬಾರಿಸಿದ ಮೇಲೆ ಹೊರಗಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಇಬ್ಬರೂ ಮೀರಿಗರಾದರೆ ಏಟು, ಎಸೆತ ಎಲ್ಲ ಇರುತ್ತದೆ. ಸವಾಲು ಹಾಕಿದವರು ನಮ್ಮಂಥ ಸಾದಾ ಜನರಾದರೆ, ಹೊತ್ತು ಮುಳುಗುವುದರೊಳಗೆ ಮೀರಿಗ ಅವರ ಹೆಗಲು ಮುಟ್ಟಿದರೆ ಅವನು ಗೆದ್ದ ಹಾಗೆ, ಮುಟ್ಟದಿದ್ದರೆ ಅವರು ಗೆದ್ದ ಹಾಗೆ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ: ಒಡೆದವರೇ ಕಟ್ಟಬೇಕು. ಕಾಳಗದಲ್ಲಿ ಏನು ಮುರಿದರೂ ಹೊತ್ತು ಮುಳುಗುವುದರೊಳಗೆ ಮೊದಲಿನಂತೆ ಮಾಡಿಕೊಡಬೇಕು, ಅದರ ಒಡೆಯರು ನೋಡಿ “ಮೊದಲಿನ ಹಾಗೇ ಐತಿ” ಎನ್ನಬೇಕು. ಇಲ್ಲದಿದ್ದರೆ ಗೆದ್ದರೂ ಸೋತ ಹಾಗೆ. ಬಂಡೆ ಸೀಳಿದರೆ ಕಾಡಸಿದ್ದನಿಗೆ ಚಿಂತೆಯಿಲ್ಲ. ಎರಡು ಹೋಳನ್ನೂ ಅಂಗೈಯಲ್ಲಿ ಒತ್ತಿ ಹಿಡಿದರೆ ಅವು ಮತ್ತೆ ಒಂದಾಗುತ್ತವೆ. ಹೋದ ವರ್ಷ ಮಾತ್ರ ಅವನು ಒಮ್ಮೆ ನೆಗೆದ ಗಾಳಿಗೆ ಊರಿನ ಒಣಹಾಕಿದ ಬಟ್ಟೆಯೆಲ್ಲ ಹೊಳೆಗೆ ಹಾರಿತು. ಪಾಪ, ಸಂಜೆಯವರೆಗೂ ಒಗೆದು, ಹಿಂಡಿ, ಮಡಚಿ ಕೊಟ್ಟ. ಹಿಂಡಿದ್ದರಲ್ಲಿ ಅರ್ಧ ಸೀರೆ ಎಳೆಎಳೆಯಾಗಿ, ಆ ಕಾಳಗ ಸೋತ.

ಕಾಳಗಕ್ಕಿಂತ ನನಗೆ ರುಚಿ ಅದರ ಮುಂಚಿನ ವಾದ. ಬೇವಿನ ಮರದ ಕೆಳಗೆ ಒಂದು ಕಟ್ಟೆ, ಪಕ್ಕದಲ್ಲಿ ರಾಜಾಸಾಬನ ಚಹಾದ ಒಲೆ. ರಾಜಾಸಾಬ ಕಟ್ಟೆಯ ಹಿರಿಯನೂ ಹೌದು, ಪಂಚನೂ ಹೌದು, ಬಾಕಿ ಉಳಿದ ಹೊತ್ತಿನಲ್ಲಿ ಮಿರ್ಚಿ ಕರಿಯುವವನೂ ಹೌದು. ಅಲ್ಲಿ ಒಂದು ಕಡೆ ಬಲದವರು, ಒಂದು ಕಡೆ ಮುಂಗಾಣಿಗಳು ಕೂರುತ್ತಾರೆ. ಮುಂಗಾಣಿ ಎಂದರೆ ಭವಿಷ್ಯ ಹೇಳುವವರಲ್ಲ. ಎದುರಿನವನು ಏನು ಮಾಡಬಹುದು, ಆಮೇಲೆ ಏನು, ಅದರಾಚೆ ಏನು ಎಂದು ಕೂತು ಯೋಚಿಸುವ ಅಭ್ಯಾಸ ಮಾಡಿದವರು. ನಾನು ಹುಟ್ಟಾ ಬಲದವಳು. ಇಪ್ಪತ್ತನೇ ವಯಸ್ಸಿಗೆ ಕಟ್ಟೆ ಹತ್ತಿದವಳು, ಎಂಬತ್ತರವರೆಗೂ ಇಳಿದಿಲ್ಲ. ನನ್ನ ವಾದ ಒಂದೇ: ಕಲ್ಲು ಬೀಳುತ್ತದೆಂದು ಮೊದಲೇ ಗೊತ್ತಾದ ಮಾತ್ರಕ್ಕೆ ಕಲ್ಲಿನ ಭಾರ ಕಡಿಮೆಯಾಗುವುದಿಲ್ಲ. ಇದನ್ನು ಕೇಳಿ ಎಷ್ಟೋ ಮುಂಗಾಣಿಗಳು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದಾರೆ. ಆಗ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದು ಬರೆದರೆ ನೀವು ನನ್ನನ್ನು ಕೆಟ್ಟವಳೆಂದುಕೊಳ್ಳುತ್ತೀರಿ.

ನನ್ನ ಮೊಮ್ಮಗಳು ದುರುಗಿ ಹುಟ್ಟಾ ಮುಂಗಾಣಿ. ತಪ್ಪು ಯಾರದೂ ಅಲ್ಲ, ನಾನೇ ಆಟ ಕಲಿಸಿದೆ. ನಮ್ಮ ಹೊಳೆದಂಡೆಯ ಬಂಡೆಗಳ ಮೇಲೆ ಹಿಂದಿನವರು ಕೊರೆದ ಹುಲಿ-ಕುರಿ ಆಟದ ಮನೆಗಳು ಇವತ್ತಿಗೂ ಇವೆ. ನಿಮ್ಮ ಕಾಲದಲ್ಲೂ ಇದ್ದಿರಬೇಕು. ಹುಲಿ ನೆಗೆದು ಕುರಿಯನ್ನು ತಿನ್ನುತ್ತದೆ. ಕುರಿ ಏನನ್ನೂ ತಿನ್ನುವುದಿಲ್ಲ, ಒಂದರ ಪಕ್ಕ ಒಂದು ಕೂತು ಹುಲಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡುತ್ತದೆ. ನಾನು ಯಾವಾಗಲೂ ಹುಲಿ ಹಿಡಿಯುತ್ತಿದ್ದೆ, ಅವಳು ಕುರಿ. ಚಿಕ್ಕವಳಿದ್ದಾಗ ದಿನವೂ ಸೋತು ಅಳುತ್ತಿದ್ದಳು. ಹತ್ತು ದಾಟಿದ ಮೇಲೆ ಅಳುವ ಸರದಿ ನನ್ನದಾಯಿತು. ಈಗ ಅವಳಿಗೆ ಇಪ್ಪತ್ನಾಲ್ಕು. ಸಂಜೆ ಹೊತ್ತು ನಮ್ಮ ಮನೆಯ ಅಂಗಳದಲ್ಲಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿಕೊಂಡು ಮುಂಗಾಣಿಕೆ ಕಲಿಸುತ್ತಾಳೆ. ಅವಳಿಗೆ ಅದೇ ಉಸಿರು. ಹಾಗೇ ನನಗೆ ಕಟ್ಟೆ.

ಹೋದ ತಿಂಗಳು ಕಟ್ಟೆಯ ಮೇಲೆ ಮಾತಿಗೆ ಮಾತು ಬೆಳೆಯಿತು. ದುರುಗಿ ಎದ್ದು ನಿಂತು, “ಆಯಿ, ನನಗ ತಯಾರಿಗೆ ಒಂದು ತಿಂಗಳು ಕೊಡು, ಕಾಡಸಿದ್ದ ಮಾವನ್ನ ನಾ ಗೆಲ್ತೀನಿ” ಅಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ಆ ಹಾಸ್ಟೆಲಿನ ಹುಡುಗನ ಮಾತನ್ನೇ ನನ್ನ ಮೊಮ್ಮಗಳ ಬಾಯಲ್ಲಿ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. “ನೀ ಗೆದ್ರ ನಾ ಬಾಯಿಬೀಗ ಹಾಕ್ಕೊಂತೀನಿ. ಸೋತ್ರ ನೀ ಹಾಕ್ಕೊ” ಎಂದುಬಿಟ್ಟೆ. ಬಾಯಿಬೀಗ ಎಂದರೆ ಏನೆಂದು ಹೇಳಬೇಕು. ಅದನ್ನು ಹಾಕಿಕೊಂಡವರು ಬದುಕಿರುವ ಯಾರೊಂದಿಗೂ ಈ ವಿಷಯದ ಬಗ್ಗೆ ಜೀವ ಇರುವ ತನಕ ಮಾತಾಡುವಂತಿಲ್ಲ. ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಕಲಿಸುವಂತೆಯೂ ಇಲ್ಲ. ಕಟ್ಟೆಯ ಮೇಲೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ರಾಜಾಸಾಬ ಸೌಟು ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟ. ಮನೆಗೆ ಬರುವಾಗ ಲೆಕ್ಕ ಹಾಕಿದೆ. ನಾನು ಗೆದ್ದರೆ ಅಂಗಳ ಖಾಲಿ, ಅವಳು ಗೆದ್ದರೆ ಕಟ್ಟೆ ಖಾಲಿ.

ಆ ತಿಂಗಳಿಡೀ ಅವಳು ಏನು ತಯಾರಿ ಮಾಡಿದಳೆಂದು ನೋಡುತ್ತಲೇ ಇದ್ದೆ. ಏನೂ ಮಾಡಲಿಲ್ಲ. ದಂಡ ಹೊಡೆಯಲಿಲ್ಲ, ಬಲೆ ಹೆಣೆಯಲಿಲ್ಲ. ಮಳೆಪಟ್ಟಿ ಮಾತ್ರ ತಂದು ಗೋಡೆಗೆ ಅಂಟಿಸಿದಳು. ನಮ್ಮಲ್ಲಿ ಮೋಡಗಳು ರೈಲಿನ ಹಾಗೆ ವೇಳೆ ನೋಡಿಕೊಂಡು ಬರುತ್ತವೆ. ಯಾವ ದಿನ ಮೋಡ, ಯಾವ ದಿನ ಬಿಸಿಲು ಎಂದು ಮೊದಲೇ ಬರೆದಿರುತ್ತಾರೆ. ಅದನ್ನು ನೋಡಿ ಫೆಬ್ರವರಿ ಮೂವತ್ತನೇ ದಿನ ಎಂದು ಸಾರಿದಳು. ಆಮೇಲೆ ಪೇಟೆಗೆ ಹೋಗಿ ಒಂದು ಕಟ್ಟು ಬಿಳಿ ಹಾಳೆ, ಒಂದು ಪೆನ್ನು ತಂದು ನನ್ನ ಕಪಾಟಿನಲ್ಲಿ ಇಟ್ಟಳು. ಈ ಕಾಲದಲ್ಲಿ ಹಾಳೆಯ ಮೇಲೆ ಬರೆಯುವವರು ಯಾರೂ ಇಲ್ಲ. ಕಾಳಗ ತಲೆ ಮೇಲೆ ಬಂದಿರುವಾಗ ಇದೆಲ್ಲ ಯಾಕೆ ಎಂದು ಬೈದೆ. “ಇರ್ಲಿ ಬಿಡು ಆಯಿ, ಬೇಕಾಗತೈತಿ” ಅಂದಳು. ಈ ಹುಡುಗಿಯ ಬುದ್ಧಿಯೂ ಕೈಕೊಟ್ಟಿತು, ಇನ್ನು ಗೆಲುವು ನನ್ನದೇ ಎಂದುಕೊಂಡೆ. ಅದರಿಂದ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮೂವತ್ತನೇ ತಾರೀಖಿಗೆ ಮುಂಚೆ ನಾಲ್ಕು ದಿನ ಮೋಡ ಕವಿದಿತ್ತು. ನೀವು ಎಷ್ಟೇ ಹಳಬರಾಗಿದ್ದರೂ ಒಂದು ವಿಷಯ ನಿಮಗೆ ಗೊತ್ತಿರಲೇಬೇಕು: ಹಪ್ಪಳದ ಕಾಲದಲ್ಲಿ ನಾಲ್ಕು ದಿನ ಮೋಡ ಮುಚ್ಚಿ ಐದನೇ ದಿನ ಬಿಸಿಲು ಬಿದ್ದರೆ ಹೆಂಗಸರು ಏನು ಮಾಡುತ್ತಾರೆ ಎಂದು. ಬೆಳಗಾಗುವುದರೊಳಗೆ ಊರಿಗೆ ಊರೇ ಲಟ್ಟಣಿಗೆ ಹಿಡಿದಿತ್ತು. ಕಾಳಗ ಎಂದಿನಂತೆ ಹೊಳೆಯ ಮರಳಿನಲ್ಲಿ ಎಂದುಕೊಂಡು ಎಲ್ಲರೂ ಮರಳನ್ನು ಬಿಟ್ಟು, ಮೇಲಿನ ದೊಡ್ಡ ಬಂಡೆಗಳ ಮೇಲೆ ಸೀರೆ ಹಾಸಿ ಹಪ್ಪಳ, ಸಂಡಿಗೆ, ಶಾವಿಗೆ ಹರವಿದರು. ನಡುವಿನ ಚಪ್ಪಟೆ ಬಂಡೆಯೊಂದು ಖಾಲಿ, ಅಲ್ಲಿಗೆ ಹೋಗಲು ಒಬ್ಬರು ನಡೆಯುವಷ್ಟು ಓಣಿಯೊಂದು ಖಾಲಿ. ಮಧ್ಯಾಹ್ನ ದುರುಗಿ ಸುಣ್ಣದ ಪುಟ್ಟಿ ಹಿಡಿದು ಬಂದಳು, ಮರಳಿನತ್ತ ತಿರುಗಿಯೂ ನೋಡದೆ, ಆ ಬಂಡೆಗಳ ಸುತ್ತಲೂ ಗೆರೆ ಎಳೆದಳು. ಜನ ಗೊಳ್ಳೆಂದು ನಕ್ಕರು. ಕಾಡಸಿದ್ದನೂ ನಗುತ್ತ, ಆ ಓಣಿಯಲ್ಲಿ ಲುಂಗಿ ಎತ್ತಿ ಹಿಡಿದು ಹುಷಾರಾಗಿ ನಡೆದು ನಡುವಿನ ಬಂಡೆಯ ಮೇಲೆ ನಿಂತ. ಕುಡಿಯಲೆಂದು ಅವನಿಗೊಂದು ಕೊಡ ನೀರು ಇಟ್ಟಿದ್ದರು.

ನಾನು ಬಂದದ್ದು ತಡವಾಗಿ. ದುರುಗಿ ಬೆಳಿಗ್ಗೆ, “ಆಯಿ, ಉಳಿದ ಹಿಟ್ಟೂ ಇವತ್ತ ಲಟ್ಟಿಸಿಬಿಡು, ಇಲ್ಲಾಂದ್ರ ಹುಳಿ ಬರ್ತೈತಿ” ಎಂದು ಹೇಳಿ ಹೋಗಿದ್ದಳು. ದೊಡ್ಡ ತಟ್ಟೆಯ ತುಂಬ ಅಕ್ಕಿ ಹಪ್ಪಳ ಹೊತ್ತುಕೊಂಡು ಬಂದೆ. ಕಣದ ಗೆರೆಯ ಹತ್ತಿರ ರಾಜಾಸಾಬ ಒಲೆ ಹೂಡಿಕೊಂಡು ಕೂತಿದ್ದ. ಅವನನ್ನು ಕಂಡದ್ದೇ ತಡ, ನನ್ನ ಬಾಯಿ ಶುರುವಾಯಿತು. ಬಲ ಹೇಗೆ ಗೆಲ್ಲಲೇಬೇಕು, ತಯಾರಿ ಹೇಗೆ ಬರೀ ಬುರುಡೆ ಎಂದು ಅವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಬಾಯಿ ಅದರ ಪಾಡಿಗೆ ಅದು ಹೇಳುತ್ತಿತ್ತು, ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು. ಕಾದ ಬಂಡೆ ಖಾಲಿ ಕಂಡರೆ ಹಪ್ಪಳ ಹಾಕದೆ ಇರುವ ಹೆಂಗಸು ನಮ್ಮೂರಲ್ಲಿ ಹುಟ್ಟಿಲ್ಲ. ಬಗ್ಗಿ ಬಗ್ಗಿ, ನಡುಬಂಡೆಯ ಕಡೆಯಿಂದ ಹಿಂದಕ್ಕೆ ಸರಿಯುತ್ತ ಆ ಓಣಿಯ ಉದ್ದಕ್ಕೂ ಒಂದೊಂದೇ ಹಪ್ಪಳ ಇಟ್ಟುಕೊಂಡು ಬಂದು, ತಟ್ಟೆ ಬರಿದಾದ ಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು ಗೆರೆಯಾಚೆ ಬಂದು ಕೂತೆ. ಆಗ ಹಲಗೆ ಬಾರಿಸಿದರು. ಹಲಗೆಯ ಸದ್ದು ಕಿವಿಗೆ ಬಿದ್ದ ಮೇಲೆಯೇ ನನಗೆ ತಿಳಿದದ್ದು, ಹುಲಿಯ ಸುತ್ತ ಕೊನೆಯ ಕುರಿಯನ್ನು ಆಟದ ಮನೆಯಲ್ಲಿ ಇಟ್ಟವಳು ನಾನೇ ಎಂದು.

ದುರುಗಿ ಕಣದ ಮೂಲೆಯ ಒಂದು ಗುಂಡುಕಲ್ಲಿನ ಮೇಲೆ ಕೂತು, ಮಡಿಲಿನಿಂದ ಮಂಡಕ್ಕಿ ತೆಗೆದು ತಿನ್ನಲು ಶುರುಮಾಡಿದಳು. ಕಾಡಸಿದ್ದ ಕಾಲೆತ್ತಿದ, ಕೆಳಗೆ ನೋಡಿದ, ಕಾಲನ್ನು ಹಾಗೇ ಇಳಿಸಿದ. ಸುತ್ತಲೂ ಹಪ್ಪಳ. ಎಲ್ಲವೂ ಅವನಿಗೆ ಚಿಕ್ಕಂದಿನಲ್ಲಿ ಊಟ ಹಾಕಿದ ಅತ್ತೆ, ಚಿಗವ್ವ, ಅಕ್ಕಂದಿರ ಹಪ್ಪಳ. ನೆಗೆದರೆ ಗಾಳಿಗೆ ಅಷ್ಟೂ ಹೊಳೆಗೆ; ಅದು ಅವನಿಗೆ ಹೋದ ವರ್ಷವೇ ಗೊತ್ತಾಗಿತ್ತು. ಊದಿದರೂ ಅದೇ ಗತಿ. ತುಂಬ ಹೊತ್ತು ಯೋಚಿಸಿ, ಬಗ್ಗಿ ಓಣಿಯ ಮೊದಲ ಹಪ್ಪಳವನ್ನು ಎರಡು ಬೆರಳಿನಲ್ಲಿ ಎತ್ತಿ ಬದಿಗಿಡಲು ನೋಡಿದ. ಅಷ್ಟರಲ್ಲಿ ಅದು ಬಿಸಿಲಿಗೆ ಗರಿಗರಿಯಾಗಿತ್ತು. ಬೆರಳು ತಾಗಿದ್ದೇ ಪುಡಿಪುಡಿ. ಜನ ಅಯ್ಯೋ ಎಂದರು. ಆಗ ಅವನಿಗೊಂದು ಉಪಾಯ ಹೊಳೆಯಿತು. ಇದೊಂದನ್ನು ಮೊದಲಿನ ಹಾಗೆ ಮಾಡಿಕೊಡಲು ಬಂದರೆ, ಉಳಿದವನ್ನೂ ತುಳಿದುಕೊಂಡು ಹೋಗಿ ದುರುಗಿಯ ಹೆಗಲು ಮುಟ್ಟಿ, ಆಮೇಲೆ ಎಲ್ಲವನ್ನೂ ಕಟ್ಟಿಕೊಡಬಹುದಲ್ಲ. ಕೊಡದ ನೀರು ಚಿಮುಕಿಸಿ ಆ ಪುಡಿಯನ್ನು ಕಲಸತೊಡಗಿದ. ಗುಡ್ಡ ಎತ್ತುವ ಕೈ, ಒಂದು ಹಿಡಿಯಷ್ಟು ಹಿಟ್ಟನ್ನು ಬೆರಳ ತುದಿಯಲ್ಲಿ ತಟ್ಟುತ್ತಿತ್ತು. ನಾಲಿಗೆ ಕಚ್ಚಿಕೊಂಡು, ಬೆವರು ಒರೆಸಿಕೊಂಡು ತಟ್ಟಿದ. ಅಂಗೈ ಉಜ್ಜಿ ಆ ಬಿಸಿಗೆ ಒಣಗಿಸಿದ. ನನಗೆ ಎದ್ದುಹೋಗಿ ಕಲಿಸಿಕೊಡೋಣ ಎನ್ನಿಸಿತು.

ಟವೆಲ್ಲಿನಲ್ಲಿ ಸುತ್ತಿ ಅದನ್ನು ಗೆರೆಯಾಚೆ ಎಸೆದ. ಹೊತ್ತು ಹೊಳೆಯಾಚೆಯ ಗುಡ್ಡದ ಕಡೆ ವಾಲಿತ್ತು. ರಾಜಾಸಾಬ ಬಿಚ್ಚಿ, ಎಲ್ಲರಿಗೂ ತೋರಿಸಿ, “ಇದರ ಒಡತಿ ಯಾರು?” ಎಂದು ಕೇಳಿದ. ಒಡತಿ ನಾನು. ಊರೆಲ್ಲ ನನ್ನ ಕಡೆ ತಿರುಗಿತು. ಮೊದಲಿನ ಹಾಗೇ ಇದೆ ಎಂದು ನಾನು ಒಂದು ಮಾತು ಹೇಳಿದರೆ ಕಾಡಸಿದ್ದ ನಾಲ್ಕು ಹೆಜ್ಜೆಯಲ್ಲಿ ಅವಳ ಹೆಗಲು ಮುಟ್ಟಿ, ತುಳಿದ ನಾಲ್ಕಾರು ಹಪ್ಪಳವನ್ನೂ ಹೀಗೇ ಕಟ್ಟಿಕೊಟ್ಟು ಗೆದ್ದುಬಿಡುತ್ತಿದ್ದ, ಅರವತ್ತು ವರ್ಷದ ನನ್ನ ಮಾತು ನನಗೇ ಉಳಿಯುತ್ತಿತ್ತು. ನೋಡಲು ಅದು ಹಪ್ಪಳದ ಹಾಗೇ ಇತ್ತು, ಸುಳ್ಳು ಹೇಳಬಾರದು. ರಾಜಾಸಾಬನಿಗೆ ಎಣ್ಣೆಗೆ ಬಿಡು ಎಂದೆ. ಬಿಟ್ಟ. ಅದು ಎಣ್ಣೆಯ ತಳಕ್ಕೆ ಹೋಗಿ ಸುಮ್ಮನೆ ಮಲಗಿತು. ಉಬ್ಬಲಿಲ್ಲ, ಚುರ್ ಎನ್ನಲೂ ಇಲ್ಲ. ಆ ಹೊತ್ತಿನಲ್ಲಿ ನಾನು ದುರುಗಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದಳು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಬಲದ ಪರವಾಗಿ ನಾನು ಎಷ್ಟು ಬೇಕಾದರೂ ಬುರುಡೆ ಬಿಟ್ಟೇನು, ಹಪ್ಪಳದ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅನುಮಾನವೇ ಇಲ್ಲದಷ್ಟು ಗೊತ್ತಿತ್ತು.

“ಇದು ನನ್ನ ಹಪ್ಪಳ ಅಲ್ಲ ತಮ್ಮಾ” ಎಂದೆ. ಅವನು ಮತ್ತೆ ಕಾಲೆತ್ತಲಿಲ್ಲ, ಹೊತ್ತು ಮುಳುಗಿತು. ಕಾಡಸಿದ್ದ ನಡುಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, “ಸಾಕವ್ವಾ, ನಾ ಸೋತೆ. ಆದ್ರ ಮೊದ್ಲ ಇವನ್ನ ಎತ್ರಿ, ನನಗ ಕಾಲು ಜೋಮು ಹಿಡದೈತಿ” ಎಂದು ಕೂಗಿದ. ಆ ನಗು ನೀವು ಕೇಳಬೇಕಿತ್ತು. ನಾನೂ ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಅಳುವೂ ಇತ್ತು. ಸೋತ ಕಡೆಯವರು ಗೆದ್ದವರಿಗೆ ಊಟ ಹಾಕಬೇಕು. ಆ ರಾತ್ರಿ ಊರಿನ ಅಷ್ಟೂ ಹಪ್ಪಳ ಕರಿದೆವು, ಕಾಡಸಿದ್ದನೊಬ್ಬನೇ ಒಂದು ಪುಟ್ಟಿ ಮುಗಿಸಿದ. ದುರುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಓಣಿ ಸುತ್ತಿದ, ಮುಂದಿನ ವರ್ಷ ನನಗೂ ನಾಲ್ಕು ಪಾಠ ಹೇಳಿಕೊಡು ಎಂದು ಗೋಗರೆದ. ಆಮೇಲೆ ರಾಜಾಸಾಬ ಬಂದು, ನನ್ನ ಸೆರಗಿನ ತುದಿಗೆ ಬೆರಳಷ್ಟು ಉದ್ದದ ಹಿತ್ತಾಳೆಯ ಬೀಗ ಕಟ್ಟಿದ. ಅರವತ್ತು ವರ್ಷ ನನಗೆ ಚಹಾ ಕೊಟ್ಟವನು.

ಆಮೇಲಿನ ದಿನಗಳ ಸಂಕಟ ಹೇಳತೀರದು. ಕಟ್ಟೆಯ ಮೇಲೆ ಕೂರುತ್ತೇನೆ, ಯಾರೋ ಬಲದ ಪರವಾಗಿ ಪೆದ್ದುಪೆದ್ದಾಗಿ ವಾದಿಸಿ ಸೋಲುತ್ತಾರೆ, ನಾನು ಎಲೆಅಡಿಕೆ ಜಗಿಯುತ್ತೇನೆ. ನನ್ನ ಹತ್ತಿರ ಎಂಥ ಉತ್ತರವಿದೆ ಗೊತ್ತೇ? ಆ ದಿನ ಬಲ ಸೋಲಲೇ ಇಲ್ಲ. ಕಾಡಸಿದ್ದ ತುಳಿದುಕೊಂಡು ಹೋಗಿದ್ದರೆ ತಡೆಯುವವರು ಯಾರಿದ್ದರು? ಅತ್ತೆಯಂದಿರ ಹಪ್ಪಳ ಉಳಿಯಲಿ ಎಂದು ಅವನ ಬಲ ತಾನಾಗಿ ನಿಂತಿತು. ಒರಟನೊಬ್ಬ ಅಲ್ಲಿ ನಿಂತಿದ್ದರೆ ದುರುಗಿಯ ಉಪಾಯ ಕಾಲಡಿಯ ಪುಡಿಯಾಗಿರುತ್ತಿತ್ತು. ಅವನು ಒರಟನಲ್ಲ ಎಂದು ತಿಳಿದಿರುವುದೇ ಮುಂಗಾಣಿಕೆ ಎಂದು ಅವಳು ಹೇಳುತ್ತಾಳೆ, ನನಗೆ ಗೊತ್ತು. ಅದಕ್ಕೂ ನನ್ನ ಹತ್ತಿರ ಉತ್ತರವಿದೆ. ಇದನ್ನೆಲ್ಲ ನುಂಗಿಕೊಂಡು ಹೊಟ್ಟೆ ಉಬ್ಬರಿಸಿ, ಒಂದು ಸಂಜೆ ಕಪಾಟು ತೆಗೆದೆ. ಹಾಳೆಯ ಕಟ್ಟು, ಪೆನ್ನು ಕಂಡವು. ಬದುಕಿರುವ ಯಾರೊಂದಿಗೂ ಮಾತಾಡಬಾರದು ಎಂಬುದಷ್ಟೇ ನಿಯಮ. ನೀವು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬದುಕಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ವಾದವನ್ನು ನನ್ನ ಪರವಾಗಿ ಮುಂದುವರಿಸಿ. ಚಹಾದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ, ಯಾರಾದರೂ ತಯಾರಿಗೆ ಒಂದು ವಾರ ಕೊಡು ಎಂದರೆ ಸುಮ್ಮನೆ ಬಿಡಬೇಡಿ. ಕಲ್ಲಿನ ಭಾರದ ಮಾತು ನನ್ನದು, ಧಾರಾಳವಾಗಿ ಬಳಸಿಕೊಳ್ಳಿ. ಊಟಕ್ಕೆ ಹೋದವನು ಓದುತ್ತಿದ್ದರೆ, ದಯವಿಟ್ಟು ಕೈ ತೊಳೆದು ಬಂದು ಉತ್ತರ ಕೊಡಪ್ಪ. ಎದುರು ಕೂತು ಹಟ ಹಿಡಿಯುವವರಿಲ್ಲದಿದ್ದರೆ ದುರುಗಿಯಂಥವರ ಗೆಲುವಿಗೆ ರುಚಿ ಎಲ್ಲಿಂದ ಬರಬೇಕು?

ಇನ್ನೊಂದು ಮಾತಿದೆ. ಅದನ್ನು ಹೇಳಬೇಕಾದದ್ದು ಅವಳಿಗೆ, ಆದರೆ ಬಾಯಿಬೀಗ ಸೋಲೊಪ್ಪಿಕೊಳ್ಳುವುದಕ್ಕೂ ಬಿಡುವುದಿಲ್ಲ. ಅದಕ್ಕೆ ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಅವಳು ನನ್ನನ್ನು ಚೆನ್ನಾಗಿ ಸೋಲಿಸಿದಳು. ಅಷ್ಟು ಚೆಂದದ ಸೋಲನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಈಗ ಅಂಗಳದಲ್ಲಿ ಹೆಣ್ಣುಮಕ್ಕಳ ಗಲಾಟೆ ಕೇಳಿಸುತ್ತಿದೆ. ಅದು ಉಳಿಯಿತಲ್ಲ ಎಂದು ದಿನಾ ಸಂಜೆ ನನಗೆ ಮೈತುಂಬ ಸಂತೋಷವಾಗುತ್ತದೆ.

ಹಾಳೆಗಳು ಮುಗಿದವು, ಇದೇ ಕೊನೆಯದು, ಅದಕ್ಕೇ ಅಕ್ಷರ ಇಷ್ಟು ಸಣ್ಣ. ಇನ್ನು ಅಪ್ಪಣೆ ಕೊಡಿ ಎಂದು ಬರೆಯುವಷ್ಟರಲ್ಲಿ ಬಾಗಿಲು ಸದ್ದಾಯಿತು. ದುರುಗಿ ಒಳಗೆ ಬಂದಳು. ನಗುವನ್ನು ತುಟಿಯಲ್ಲೇ ಒತ್ತಿ ಹಿಡಿದು, ಕಂಕುಳಿಂದ ಇನ್ನೊಂದು ಕಟ್ಟು ಹೊಸ ಹಾಳೆ ತೆಗೆದು ನನ್ನ ಮುಂದಿಟ್ಟು ಹೋದಳು. ಹಾಳೆ ಮುಗಿಯಿತೆಂದು ನಾನು ಯಾರಿಗೂ ಹೇಳಿರಲಿಲ್ಲ.